ನೆಲ ಮುಟ್ಟದ ಉಗುರು

ದುರಗವ್ವನಿಗೆ ಸಿಟ್ಟು ಬಂದಾಗ ಮೊದಲು ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾಳೆ. ಬಸರಿಕಟ್ಟಿಯ ಪಶು ಆಸ್ಪತ್ರೆಗೆ ಎತ್ತು, ಎಮ್ಮೆ ಹೊಡೆದುಕೊಂಡು ಬರುವವರಿಗೆಲ್ಲ ಇದು ಗೊತ್ತು. ನೊಗ ಉಜ್ಜಿ ಹೆಗಲು ಹುಣ್ಣಾದ ಎತ್ತನ್ನು ಹದಿನೈದು ದಿನ ತಡಮಾಡಿ ತಂದವನು, ಅವಳ ಕೈ ಸೆರಗಿಗೆ ಹೋಗುವುದನ್ನು ಕಂಡರೆ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾನೆ. "ನಾಳಿಂದ ಎತ್ತಿನ ಜಾಗಾದಾಗ ನೀನು ಹೆಗಲು ಕೊಡು. ಹುಣ್ಣ ಆದಮ್ಯಾಲೆ ಬಾ, ನಾನ ಔಷಧ ಹಚ್ತೀನಿ" ಅಂತ ಅವಳು ಹೇಳಿದ್ದನ್ನು ಊರಿನವರು ಇಂದಿಗೂ ಆಡಿಕೊಳ್ಳುತ್ತಾರೆ.

ಅವಳು ಹುಟ್ಟಿದ್ದು ಅಂತೂರ ಬೆಂತೂರಿನಲ್ಲಿ. ಮದುವೆಯಾಗಿ ಮುಂಡರಗಿ ರಸ್ತೆಯ ಈ ಊರಿಗೆ ಬಂದ ಎರಡನೆಯ ವರ್ಷ ಆಸ್ಪತ್ರೆಗೆ ನೀರು ತುಂಬುವ ದಿನಗೂಲಿ ಕೆಲಸಕ್ಕೆ ಸೇರಿದಳು. ಖಾಯಂ ಆಗಲು ಹದಿಮೂರು ವರ್ಷ ಹಿಡಿಯಿತು. ಈಗ ಐವತ್ತೈದು. ಕಾಗದದ ಮೇಲೆ ಅವಳ ಕೆಲಸ ಕಸ ಹೊಡೆಯುವುದು, ನೀರು ತುಂಬುವುದು, ಬೀಗ ತೆಗೆದು ಹಾಕುವುದು. ಆದರೆ ಒದೆಯುವ ಹೋರಿಯ ಕಾಲು ಕಟ್ಟುವವಳು ಅವಳೇ, ಕರು ಅಡ್ಡ ಸಿಕ್ಕಿದ ಎಮ್ಮೆಯ ಹೊಟ್ಟೆಯೊಳಗೆ ಕೈ ಹಾಕಿ ಕರುವಿನ ಕಾಲು ಹುಡುಕಿ ಕೊಡುವವಳೂ ಅವಳೇ. ಮೂವತ್ತು ವರ್ಷದಲ್ಲಿ ಒಂಬತ್ತು ಮಂದಿ ಡಾಕ್ಟರು ಬಂದು ಹೋದರು. ಈಗಿರುವ ವೀರೇಶ ಇನ್ನೂ ಮೂವತ್ತು ದಾಟಿಲ್ಲ. ಮೂರು ಆಸ್ಪತ್ರೆಗಳ ಹೊಣೆ ಅವನೊಬ್ಬನ ಮೇಲಿತ್ತು. ಬಸರಿಕಟ್ಟಿಗೆ ಮಂಗಳವಾರ, ಶುಕ್ರವಾರ ಮಾತ್ರ ಬರುತ್ತಿದ್ದ. ಉಳಿದ ದಿನ ಬಂದವರಿಗೆ ಅವನ ಫೋನು, ದುರಗವ್ವನ ಕೈ.

ಹೆಸರುಕಾಳು ಬಿತ್ತುವ ದಿನಗಳು. ಸೋಮವಾರ ಬೆಳಿಗ್ಗೆ, ಬೀಜ-ಗೊಬ್ಬರದ ಅಂಗಡಿಯ ಅಂಬರೀಶ ಜೀಪಿನ ಹಿಂಬದಿಯಲ್ಲಿ ನಾಯಿಯನ್ನು ಹಾಕಿಕೊಂಡು ಬಂದ. ಗೋದಾಮು ಕಾಯಲೆಂದು ಎರಡು ವರ್ಷದ ಹಿಂದೆ ತಂದು ಕಟ್ಟಿದ ದೊಡ್ಡ ಕಂದು ನಾಯಿ. ಮುಂದಿನ ಬಲಗಾಲನ್ನು ಎತ್ತಿಕೊಂಡೇ ಇಳಿಯಿತು.

"ಮುಳ್ಳು ಚುಚ್ಚೇತಿ ಅನಸ್ತೈತಿ. ಜಲ್ದಿ ತಗದು ಕೊಡು ದುರಗವ್ವ, ಅಂಗಡ್ಯಾಗ ಮಂದಿ ನಿಂತೈತಿ" ಅಂದ.

ದುರಗವ್ವ ಮಂಡಿಯೂರಿ ಕಾಲು ಹಿಡಿದಳು. ಕಣ್ಣಿಗೆ ಏನೂ ಕಾಣುವ ಮೊದಲೇ ಮೂಗಿಗೆ ವಾಸನೆ ಬಡಿಯಿತು. ನಾಯಿಯ ಮುಂಗಾಲಿನಲ್ಲಿ, ಪಾದಕ್ಕಿಂತ ಮೇಲೆ, ಒಳಮಗ್ಗುಲಿಗೆ ನಮ್ಮ ಹೆಬ್ಬೆರಳಿನಂತೆ ಒಂದು ಉಗುರು ಇರುತ್ತದೆ. ಅದು ನೆಲ ಮುಟ್ಟುವುದಿಲ್ಲ. ಉಳಿದ ಉಗುರುಗಳು ಓಡಾಟದಲ್ಲಿ ಸವೆಯುತ್ತವೆ, ಇದು ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಈ ನಾಯಿಯದು ಬಳೆಯ ಹಾಗೆ ಸುತ್ತಿಕೊಂಡು, ತುದಿ ತನ್ನದೇ ಮಾಂಸದೊಳಗೆ ಇಳಿದಿತ್ತು. ಸಾಲದ್ದಕ್ಕೆ ಸರಪಳಿಗೋ ಎಲ್ಲಿಗೋ ಸಿಕ್ಕು ಮೇಲುಗಡೆ ಅರ್ಧ ಸೀಳಿ ನೇತಾಡುತ್ತಿತ್ತು. ಸುತ್ತ ಕೀವು, ಕೀವಿಗೆ ಅಂಟಿದ ಕೂದಲು, ಅದರ ಮೇಲೆ ನೊಣ.

ಅವಳು ಎದ್ದು ಸೆರಗು ಸಿಕ್ಕಿಸಿದಳು.

"ಇದು ಮುಳ್ಳಲ್ರಿ ಸಾವಕಾರ್ರ. ಇದರ ಉಗರ ಇದರ ಕಾಲಾಗ ಹೊಕ್ಕೈತಿ. ಇಷ್ಟು ಬೆಳೀಬೇಕಂದ್ರ ತಿಂಗಳಗಟ್ಲೆ ಬೇಕು. ಅಷ್ಟೂ ದಿನ ನೀವು ಇದರ ಕಾಲ ನೋಡಿಲ್ಲೇನು?"

"ನಾಯಿ ಕಾಲು ಯಾರು ನೋಡ್ತಾರ?" ಅಂಬರೀಶ ನಕ್ಕ. "ಬೊಗಳ್ತೈತಿಲ್ಲೋ, ಅಷ್ಟ ಸಾಕು ನಮಗ."

ಆಡು ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತಿದ್ದ ರೈತ ಅಂದಪ್ಪನೂ ಅವನ ಜೊತೆ ನಕ್ಕ. ಆ ಎರಡು ನಗೆ ದುರಗವ್ವನ ಎದೆಯಲ್ಲಿ ಕೆಂಡದ ಹಾಗೆ ಕುಳಿತವು. ಆದರೆ ನಾಯಿ ನಡುಗುತ್ತಿತ್ತು. ಅವಳು ಡಾಕ್ಟರಿಗೆ ಫೋನು ಹಚ್ಚಿ, ಕೈ ಖಾಲಿ ಇರಲಿ ಅಂತ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

ವೀರೇಶ ಗದಗಿನಲ್ಲಿ ಮೀಟಿಂಗಿನಲ್ಲಿದ್ದ. ಎಲ್ಲ ಕೇಳಿ, "ಗದಗಕ್ಕ ಕರಕೊಂಡು ಹೋಗಾಕ ಹೇಳ್ರಿ ದುರಗವ್ವಾರ" ಅಂದ.

"ಬಿತ್ತೋ ದಿನದಾಗ ನಾಯಿ ತಗೊಂಡು ಗದಗಕ್ಕ ಹೋಗಾಕ ನನಗ ತಲಿ ಕೆಟ್ಟಿಲ್ಲ" ಎಂದು ಅಂಬರೀಶ ನಿಂತಲ್ಲಿಂದಲೇ ಹೇಳಿದ. "ಆಗೂದಿಲ್ಲಂದ್ರ ಹಂಗ ಬಿಡ್ರಿ. ವಾಪಸ್ ಒಯ್ದು ಕಟ್ತೀನಿ."

ಅದನ್ನು ಕೇಳಿಸಿಕೊಂಡ ವೀರೇಶ ಅಂದ: "ಹಂಗಾದ್ರ ನೀವ ಕತ್ತರಿಸಿಬಿಡ್ರಿ. ಬುಡಕ್ಕ ಹೋಗಬ್ಯಾಡ್ರಿ, ರಕ್ತ ಬರ್ತೈತಿ. ತೊಳದು ಪಟ್ಟಿ ಕಟ್ರಿ. ನಾಳೆ ಬಂದು ಇಂಜೆಕ್ಷನ್ ಕೊಡ್ತೀನಿ."

ಈ ಮಾತನ್ನು ಅಲ್ಲಿದ್ದ ಮೂವರೂ ಕೇಳಿದರು.

ದುರಗವ್ವ ಪಟ್ಟಿಯ ಬಟ್ಟೆಯಿಂದ ನಾಯಿಯ ಬಾಯಿ ಕಟ್ಟಿದಳು. ಅಂದಪ್ಪ ಆಡನ್ನು ಕಂಬಕ್ಕೆ ಕಟ್ಟಿ ಬಂದು ಹಿಂಗಾಲು ಹಿಡಿದ. ಅಂಬರೀಶ ಬಾಗಿಲಲ್ಲಿ ನಿಂತು ಯಾರೊಡನೆಯೋ ಬೀಜದ ಚೀಲದ ಮಾತಾಡುತ್ತಿದ್ದ. ಅವಳು ಮೊದಲು ಬಳೆಯಂತೆ ಸುತ್ತಿದ ಉಗುರನ್ನು ನಡುವೆ ಕತ್ತರಿಸಿದಳು. ಮಾಂಸದೊಳಗಿದ್ದ ತುದಿಯನ್ನು ಚಿಮಟದಿಂದ ಹಿಡಿದು, ಅದು ಹೋದ ದಾರಿಯಲ್ಲೇ ಹಿಂದಕ್ಕೆ ಎಳೆದಳು. ಅರ್ಧ ಇಂಚು ಉದ್ದದ ತುದಿ ಹೊರಗೆ ಬಂತು, ಅದರ ಹಿಂದೆ ಕೀವು ಬಂತು. ಸೀಳಿದ ಭಾಗ ತುಸು ಎಳೆದಕೂಡಲೇ ಕಳಚಿತು. ನಾಯಿ ಬಾಯಿ ಕಟ್ಟಿದ್ದರೂ ಒಳಗೊಳಗೇ ಕೂಗಿತು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. "ಆತು ತಂಗಿ, ಆತು. ಮುಗೀತು ನೋಡು" ಅಂತ ಅವಳು ಅದಕ್ಕೆ ಹೇಳುತ್ತಲೇ ಅರಳೆ ಒತ್ತಿ ಹಿಡಿದಳು. ರಕ್ತ ನಿಂತ ಮೇಲೆ ಗಾಯ ತೊಳೆದು, ಔಷಧ ಹಚ್ಚಿ ಪಟ್ಟಿ ಕಟ್ಟಿದಳು.

"ನಾಳೆ ಮುಂಜಾನೆ ಕರಕೊಂಡು ಬರ್ರಿ. ಪಟ್ಟಿಗೆ ನೀರು ತಾಗಬಾರದು. ಸರಪಳಿ ಬಿಚ್ಚಿಡ್ರಿ" ಎಂದು ಅಂಬರೀಶನಿಗೆ ಹೇಳಿದಳು. ಅವನು ತಲೆ ಆಡಿಸಿದ.

ಮಂಗಳವಾರ ಅವನು ಬರಲಿಲ್ಲ. ವೀರೇಶ ಬಂದು ಮಧ್ಯಾಹ್ನದವರೆಗೆ ಕಾಯ್ದು ಹೋದ. ಬುಧವಾರವೂ ಇಲ್ಲ. ಗುರುವಾರ ಮಧ್ಯಾಹ್ನ ದುರಗವ್ವ ತಾನೇ ಹೊರಟಳು. ಅಂಗಡಿಯ ಮುಂದೆ ಹೆಸರಿನ ಬೀಜಕ್ಕೆ ಹದಿನೈದು ಇಪ್ಪತ್ತು ಮಂದಿ ಸಾಲು ನಿಂತಿದ್ದರು. ಅವಳು ಪಕ್ಕದ ಸಂದಿಯಿಂದ ಗೋದಾಮಿಗೆ ಹೋದಳು. ಹಿಂದಿನ ದಿನ ಮಳೆಯಾಗಿತ್ತು. ನಾಯಿ ಎರಡು ಮಾರು ಸರಪಳಿಯಲ್ಲಿ ಕೆಸರಿನಲ್ಲೇ ಮಲಗಿತ್ತು. ಪಟ್ಟಿ ಕರ್ರಗಾಗಿ, ಅರ್ಧ ಕಚ್ಚಿ ಹರಿದಿತ್ತು. ಕಾಲು ಮೊಣಕಾಲಿನವರೆಗೆ ಬಾತಿತ್ತು. ನೀರಿನ ತಟ್ಟೆ ಬೋರಲು ಬಿದ್ದಿತ್ತು.

ಅವಳು ಸೆರಗು ಸಿಕ್ಕಿಸಿದಳು. ಸರಪಳಿಯ ಕೊಂಡಿ ಬಿಚ್ಚಿದಳು. ಬಂದ ಸಂದಿಯಿಂದ ಹೋಗಲಿಲ್ಲ. ಗೋದಾಮಿನ ಒಳಬಾಗಿಲು ದಾಟಿ, ಗೊಬ್ಬರದ ಚೀಲಗಳ ನಡುವೆ, ನೇರವಾಗಿ ಅಂಗಡಿಯೊಳಗಿಂದಲೇ ಕುಂಟುವ ನಾಯಿಯನ್ನು ನಡೆಸಿಕೊಂಡು ಬಂದಳು. ಸಾಲಿನಲ್ಲಿದ್ದವರು ದಾರಿ ಬಿಟ್ಟರು.

"ಎಲ್ಲಿಗೆ ಒಯ್ತಿ? ನನ್ನ ನಾಯಿ ಮುಟ್ಟಾಕ ನೀ ಯಾರು?" ಅಂಬರೀಶ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದ.

"ಕಾಲು ನೋಡ್ರಿ" ಅಂದಳು ದುರಗವ್ವ. ಅವನಿಗಲ್ಲ, ಸಾಲಿನವರಿಗೆ. "ಎಲ್ಲಾರೂ ನೋಡ್ರಿ. ಇದು ಇವರ ಮಾಲು ಕಾಯ್ತೈತಿ. ಒಂದು ಉಗರ ಕತ್ತರಿಸಾಕ ಇವರಿಗೆ ಎರಡು ವರ್ಷದಾಗ ಪುರಸೊತ್ತು ಸಿಕ್ಕಿಲ್ಲ. ಮಂಗಳವಾರ ಬರ್ರಿ ಅಂದ್ರ ಗುರುವಾರ ಆತು. ಕೆಸರಾಗ ಕಟ್ಟ್ಯಾರ. ನಾಯಿ ಕಾಲು ಯಾರು ನೋಡ್ತಾರ ಅಂತ ಕೇಳಿದ್ರಲ್ಲ, ಈಗ ಇಷ್ಟು ಮಂದಿ ನೋಡಾಕತ್ತಾರ ನೋಡ್ರಿ."

ಯಾರೂ ನಗಲಿಲ್ಲ. ಅಂಬರೀಶನ ಮುಖ ಕಪ್ಪಿಟ್ಟಿತು. ಅವಳು ನಾಯಿಯನ್ನು ಆಸ್ಪತ್ರೆಗೆ ಒಯ್ದು ಹೊಸ ಪಟ್ಟಿ ಕಟ್ಟಿ, ಒಣ ಗೋಣಿಚೀಲ ಹಾಸಿ ಮಲಗಿಸಿದಳು. ಶುಕ್ರವಾರ ವೀರೇಶ ಬಂದು ಇಂಜೆಕ್ಷನ್ ಕೊಟ್ಟ, ಗಾಯ ನೋಡಿ "ಛಲೋ ಮಾಡೀರಿ" ಅಂತಲೂ ಹೇಳಿದ. ಸಂಜೆ ಅಂಗಡಿಯ ಆಳು ಬಂದು ನಾಯಿಯನ್ನು ಕರೆದೊಯ್ದ.

ಹನ್ನೊಂದು ದಿನದ ಮೇಲೆ ಗದಗಿನ ಮೇಲಧಿಕಾರಿಯಿಂದ ಅವಳಿಗೆ ನೋಟಿಸು ಬಂತು. ಪಶುವೈದ್ಯ ಅರ್ಹತೆ ಇಲ್ಲದ ನೌಕರಳು ನಾಯಿಯ ಕಾಲು ಕತ್ತರಿಸಿ ಕುಂಟು ಮಾಡಿದ್ದಾಳೆ, ಗೋದಾಮಿಗೆ ನುಗ್ಗಿ ನಾಯಿಯನ್ನು ಕದ್ದೊಯ್ದಿದ್ದಾಳೆ, ಸಾರ್ವಜನಿಕವಾಗಿ ಅವಮಾನಿಸಿದ್ದಾಳೆ ಅಂತ ಅಂಬರೀಶ ದೂರು ಬರೆದಿದ್ದ. ಕಾರಣ ಹೇಳಲು ಏಳು ದಿನ. ಆ ಕಾಗದವನ್ನು ವೀರೇಶನೇ ಅವಳ ಕೈಗೆ ಕೊಟ್ಟ. ಕೊಡುವಾಗ ಅವನ ಕಣ್ಣು ಔಷಧದ ಕಪಾಟಿನ ಮೇಲಿತ್ತು.

"ದುರಗವ್ವಾರ, ನಾನ ಹೇಳಿದ್ದು ಅಂತ ಬರೀಬ್ಯಾಡ್ರಿ. ನನ್ನ ಪ್ರೊಬೇಷನ್ ಇನ್ನೂ ಮುಗದಿಲ್ಲ."

"ಮತ್ತ ಯಾರು ಹೇಳಿದ್ದು ಅಂತ ಬರೀಲಿ?"

ಅವನು ಕಪಾಟಿನ ಬಾಗಿಲು ತೆಗೆದು ಔಷಧದ ಡಬ್ಬಿ ಎಣಿಸತೊಡಗಿದ. ಅಂಬರೀಶನ ದೂರು ಅವಳನ್ನು ಅಷ್ಟು ಸುಟ್ಟಿರಲಿಲ್ಲ. ಅವನು ಅಂಥವನೇ. ಸುಟ್ಟಿದ್ದು ವೀರೇಶನ ಮಾತು. ಅವನು ಮೊದಲ ಸಲ ಎಮ್ಮೆಗೆ ಸಲೈನ್ ಹಾಕುವಾಗ ನರ ಸಿಗದೆ ಬೆವರಿದಾಗ ಪಕ್ಕದಲ್ಲಿ ನಿಂತು, ಊರವರ ಮುಂದೆ ಅವನ ಮಾನ ಉಳಿಸಿದವಳು ಅವಳು.

ಗ್ರಾಮ ಪಂಚಾಯ್ತಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದ ಮಗಳು ನೇತ್ರಾ ಉತ್ತರ ಬರೆದಳು. ದುರಗವ್ವ ಐದನೆಯ ತರಗತಿ ಓದಿದವಳು, ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

"ತಪ್ಪಾಗಿದ್ದಲ್ಲಿ ಕ್ಷಮಿಸಬೇಕು ಅಂತ ಯಾಕ ಬರದಿ?"

"ಎಲ್ಲಾರೂ ಹಂಗ ಬರೀತಾರಬೇ. ಅದು ರೂಢಿ."

"ತಪ್ಪು ಆಗಿಲ್ಲ. ತಗಿ ಅದನ್ನ."

ನೇತ್ರಾ ತೆಗೆದಳು. ಸಾಕ್ಷಿ ಅಂತ ಅಂದಪ್ಪನ ಹೆಸರು ಹಾಕಬೇಕಾಗಿತ್ತು. ದುರಗವ್ವ ಅವನ ಮನೆಗೆ ಹೋದಳು. ಅವನು ಚಹಾ ಕೊಡಿಸಿದ, ಆಡು ಈಗ ಮೇಯುತ್ತಿದೆ ಅಂದ, ಆಮೇಲೆ ತನಗೆ ಇತ್ತೀಚೆಗೆ ಕಿವಿ ಅಷ್ಟು ಕೇಳಿಸುವುದಿಲ್ಲ ಅಂದ. "ಫೋನಿನ್ಯಾಗ ಏನ ಅಂದ್ರೋ ಏನೋ, ನನಗ ತಿಳೀಲಿಲ್ಲ ನೋಡು." ಅಂಬರೀಶನ ಅಂಗಡಿ ಬಿಟ್ಟರೆ ಬೀಜಕ್ಕೆ ಆ ಊರಿನಲ್ಲಿ ಇನ್ನೊಂದು ಅಂಗಡಿ ಇಲ್ಲ. ಅದು ದುರಗವ್ವನಿಗೂ ಗೊತ್ತು. ಚಹಾದ ಲೋಟವನ್ನು ಹಾಗೆಯೇ ಇಟ್ಟು ಎದ್ದು ಬಂದಳು.

ವಿಚಾರಣೆ ಗದಗಿನಲ್ಲಿ. ಬೆಳಗಿನ ಬಸ್ಸಿಗೆ ಹೋಗಿ ಕಚೇರಿಯ ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕುಳಿತಳು. ಒಳಗೆ ಕರೆದಾಗ ಮೇಲಧಿಕಾರಿಯ ಎದುರಿಗೆ ವೀರೇಶ ಆಗಲೇ ಕುಳಿತಿದ್ದ. ಅಧಿಕಾರಿ ವಯಸ್ಸಾದ ಹೆಂಗಸು, ಹಿಂದೆ ಹಳ್ಳಿಗಳಲ್ಲಿ ಡಾಕ್ಟರಾಗಿ ಕೆಲಸ ಮಾಡಿದವರು. ದುರಗವ್ವನನ್ನೂ ಕುಳ್ಳಿರಿಸಿ, ಉಗುರನ್ನು ಹೇಗೆ ತೆಗೆದಿರಿ ಅಂತ ಕೇಳಿದರು. ಅವಳು ನಾಯಿಯ ಬಾಯಿ ಕಟ್ಟಿದ್ದರಿಂದ ಹಿಡಿದು ಪಟ್ಟಿಯ ಗಂಟಿನವರೆಗೆ ಹೇಳಿದಳು. ಅವರು ನಡುವೆ ಬಾಯಿ ಹಾಕಲಿಲ್ಲ.

"ಡಾಕ್ಟರ್ ಫೋನಿನ್ಯಾಗ ಹೇಳಿದ್ರು ಅಂತ ಬರದೀರಿ. ಹೌದೇನು ವೀರೇಶ?"

"ಆ ದಿನ ಭಾಳ ಫೋನು ಬಂದಿದ್ವು ಮೇಡಂ. ನನಗ ನೆನಪಿಲ್ಲ."

ಇಲ್ಲ ಅಂತ ಹೇಳಿದ್ದರೆ ಅವಳು ಅಲ್ಲೇ ಜಗಳ ತೆಗೆಯುತ್ತಿದ್ದಳು. ನೆನಪಿಲ್ಲ ಎಂಬ ಮಾತಿಗೆ ಜಗಳವಾಡಲು ಹಿಡಿಯೇ ಸಿಗಲಿಲ್ಲ. ಅವಳು ಅವನನ್ನು ನೋಡುತ್ತ ಕುಳಿತಳು. ಅವನು ತನ್ನ ಚಪ್ಪಲಿಯ ತುದಿ ನೋಡುತ್ತಿದ್ದ.

ಅಧಿಕಾರಿ ಕನ್ನಡಕ ತೆಗೆದರು. "ಕೆಲಸ ಸರಿ ಮಾಡೀರಿ. ಆದ್ರ ಅದು ನಿಮ್ಮ ಕೆಲಸ ಅಲ್ಲ. ಎಚ್ಚರಿಕೆ ಕೊಟ್ಟು ಮುಗಸ್ತೀನಿ. ಇದರ ಮ್ಯಾಲೆ ನನ್ನ ಕೈಯಾಗೂ ಇಲ್ಲ."

"ಹಂಗಾದ್ರ ಆ ಉಗರ ಒಳಗ ಬಿಟ್ಟು ಕಳಿಸಬೇಕಿತ್ತೇನ್ರಿ?"

"ಹಂಗ ನಾ ಹೇಳಂಗಿಲ್ಲ" ಅಂದರು ಅವರು. "ಬರಿಯಂಗೂ ಇಲ್ಲ."

ಎಚ್ಚರಿಕೆಯ ಪತ್ರ ಅವಳ ಸೇವಾ ಪುಸ್ತಕದಲ್ಲಿ ಸೇರಿತು. ಮೂವತ್ತು ವರ್ಷದ ಕೆಲಸದಲ್ಲಿ ಅವಳ ಹೆಸರಿಗೆ ಬಿದ್ದ ಮೊದಲ ಕಪ್ಪು ಸಾಲು ಅದು. ವಾಪಸ್ ಬರುವ ಬಸ್ಸಿನಲ್ಲಿ ಮುಂಡರಗಿ ರಸ್ತೆಯ ಎರಡೂ ಕಡೆ ಹೆಸರಿನ ಬೆಳೆ ಗೇಣೆತ್ತರ ಎದ್ದು ನಿಂತಿತ್ತು. ದುರಗವ್ವ ಅದರ ಕಡೆ ನೋಡಲಿಲ್ಲ.

ನಾಯಿಯ ಕಾಲು ಮಾತ್ರ ಇಪ್ಪತ್ತು ದಿನದಲ್ಲಿ ವಾಸಿಯಾಯಿತು, ಕುಂಟೂ ಹೋಯಿತು. ಬೀಜಕ್ಕೆ, ಗೊಬ್ಬರಕ್ಕೆ ಬಂದವರೆಲ್ಲ ಅಂಬರೀಶನನ್ನು "ನಾಯಿ ಹ್ಯಾಂಗೈತ್ರಿ ಸಾವಕಾರ್ರ?" ಅಂತ ಕೇಳತೊಡಗಿದರು. ಕೆಲವರು ನಿಜವಾಗಿ ಕೇಳುತ್ತಿದ್ದರು, ಕೆಲವರು ಅವನ ಮುಖ ನೋಡಲು. ಒಂದು ವಾರ ತಡೆದುಕೊಂಡ ಅಂಬರೀಶ ಹಗಲು ಹೊತ್ತು ಸರಪಳಿ ಬಿಚ್ಚಿಬಿಟ್ಟ. ನಾಯಿ ಅಂಗಡಿಯ ಮೆಟ್ಟಿಲ ಮೇಲೆ ಬಂದು ಮಲಗುವುದನ್ನು ಅವಳು ದಾರಿಯಲ್ಲಿ ಹೋಗುವಾಗ ನೋಡಿದಳು. ಇದರಿಂದ ಅವಳ ಸಿಟ್ಟು ಇಳಿಯಲಿಲ್ಲ.

ವಿಚಾರಣೆಯಾದ ಮರುವಾರ, ವೀರೇಶ ಮುಂಡರಗಿ ಕಡೆಯ ಆಸ್ಪತ್ರೆಯಲ್ಲಿದ್ದ ದಿನ, ಹೊಟ್ಟೆ ಉಬ್ಬಿದ ಆಕಳೊಂದು ಬಂತು. ದುರಗವ್ವ ಫೋನು ಹಚ್ಚಿದಳು. ಅವನು ಏನು ಕುಡಿಸಬೇಕು ಅಂತ ಹೇಳಲು ಶುರುಮಾಡಿದ.

"ಬಾಯಿಲೆ ಬ್ಯಾಡ್ರಿ" ಅಂದಳು ಅವಳು. "ಬರದು, ಸಹಿ ಮಾಡಿ, ಫೋಟೋ ತಗದು ಫೋನಿಗೆ ಕಳಿಸ್ರಿ. ಬಂದಮ್ಯಾಲೆ ಕುಡಸ್ತೀನಿ. ಆಕಳ ಉಸಿರು ಬಿಡಾಕ ಒದ್ದಾಡಾಕತ್ತೈತಿ, ಜಲ್ದಿ ಬರೀರಿ."

ಎರಡು ನಿಮಿಷದಲ್ಲಿ ಫೋಟೋ ಬಂತು. ಆಕಳು ಉಳಿಯಿತು. ಮಂಗಳವಾರ ವೀರೇಶ ಬಂದಾಗ ಅವಳು ರಿಜಿಸ್ಟರ್ ತೆರೆದು ಅವನ ಮುಂದಿಟ್ಟಳು. ಫೋನಿನಲ್ಲಿ ಹೇಳಿದ್ದನ್ನೆಲ್ಲ ಬರೆಯಲು ಅವಳೇ ಸ್ಕೇಲು ಹಿಡಿದು ಹೊಸ ಗೆರೆ ಎಳೆದಿದ್ದಳು. ಅವನು ಬರೆದು ಸಹಿ ಮಾಡಿದ. ಪೆನ್ನಿನ ಮುಚ್ಚಳ ಹಾಕುತ್ತ ಸಣ್ಣ ದನಿಯಲ್ಲಿ ಕೇಳಿದ:

"ನನ್ನ ಮ್ಯಾಲೆ ಇನ್ನೂ ಸಿಟ್ಟೈತೇನ್ರಿ ದುರಗವ್ವಾರ?"

"ಐತ್ರಿ" ಅಂದಳು ಅವಳು. "ಹೊರಗ ಎಮ್ಮಿ ನಿಂತೈತಿ. ಬರ್ರಿ, ನಾನು ಹಿಡೀತೀನಿ."