ನಿಲ್ಲದ ಒನಕೆ

ನನ್ನ ತಂಗೀನ ಕೊಂದದ್ದು ಭೂಕಂಪ ಅಲ್ಲ, ಒನಕೆ. ಟೀವಿಯವರು ಸಾವುನೋವು ಏನೂ ಆಗಿಲ್ಲ ಅಂದರು, ಅದು ಸುಳ್ಳೇನಲ್ಲ. ಕಡಲೊಳಗೆ ಎಲ್ಲೋ ದೂರದಲ್ಲಿ ನೆಲ ಅದುರಿತು, ದಂಡೆಯಲ್ಲಿದ್ದ ಅವಳ ಮನೆ ಗೋಡೆ ಒಂದು ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು, ಅಷ್ಟೆ.

ಎಚ್.ಡಿ. ಕೋಟೆ ಕಡೆ ಗುತ್ತಿಗೆಗೆ ಹೊಲ ಹಿಡಿದು ಶುಂಠಿ ಹಾಕಿದ್ದ ಮಲಯಾಳಿಯನ್ನ ಕಟ್ಟಿಕೊಂಡು ಕೇರಳಕ್ಕೆ ಹೋದವಳು ಅವಳು. ಶುಂಠಿ ತೊಳೆಯೋ ಕೂಲಿಗೆ ಹೋಗಿ ಗಂಡನ್ನ ತಂದಳು ಅಂತ ಊರವರು ಆಡಿಕೊಂಡರು. ನಮ್ಮವ್ವ ಮನೆ ಒನಕೆ ಎತ್ತಿ ಶುಂಠಿ ಲಾರಿಗೆ ಹಾಕಿಸಿದಳು. ಅದೇ ಬಳುವಳಿ.

ಗ್ರಹಣ ಹಿಡಿದಾಗ ಅವ್ವ ತಟ್ಟೆಗೆ ನೀರು ಹುಯ್ದು ಆ ಒನಕೆಯನ್ನ ನೆಟ್ಟಗೆ ನಿಲ್ಲಿಸುತ್ತಿದ್ದಳು. ಬಿದ್ದರೆ ಗ್ರಹಣ ಬಿಟ್ಟಿತು ಅಂತ. ಆಮೇಲೆ ಸ್ನಾನ, ಆಮೇಲೆ ಊಟ. ತಂಗಿ ಭೂಕಂಪಕ್ಕೆ ಅದನ್ನೇ ತಿರುಗಾಮುರುಗಾ ಮಾಡಿಕೊಂಡಳು. ಅಂಗಳದಲ್ಲಿ ತಟ್ಟೆ ಇಟ್ಟು ಒನಕೆ ನಿಲ್ಲಿಸೋದು. ನಿಂತರೆ ಭೂಮಿ ನಿಂತಿತು, ಒಳಕ್ಕೆ ಹೋಗಬಹುದು. ಬಿದ್ದರೆ ಇನ್ನೂ ಅದುರ್ತಾ ಅದೆ.

ಬಿದ್ದೇ ಬೀಳುತ್ತಿತ್ತು. ಮೊದಮೊದಲು ನಿಜವಾಗಿಯೂ ಸಣ್ಣಸಣ್ಣದಾಗಿ ಅದುರುತ್ತಿತ್ತಂತೆ, ಗೂಡಲ್ಲಿದ್ದ ಲೋಟಗಳು ಕಿಣಿಕಿಣಿ ಅನ್ನುತ್ತಿದ್ದವಂತೆ. ಆಮೇಲೆ ಅದೂ ನಿಂತಿತು. ಅಕ್ಕಪಕ್ಕದವರು ಮನೆ ಸೇರಿಕೊಂಡರು. ಇವಳು ಅಂಗಳ ಬಿಡಲಿಲ್ಲ. ಮೊದಲೇ ಉಬ್ಬಸದವಳು, ಮಳೆಗಾಲ ಬೇರೆ. ಗಂಡ ಮೊದಲು ನಕ್ಕ, ಆಮೇಲೆ ಬೈದ, ಕೊನೆಗೆ ಟಾರ್ಪಾಲು ಕಟ್ಟಿ ತಾನೂ ಪಕ್ಕದಲ್ಲಿ ಕೂತ.

ನಾನು ದಿನಾ ಫೋನ್ ಮಾಡಿ ಬೈದೆ. ಕಡಲ ಗಾಳಿಗೆ ಬೀಳ್ತದೆ ಕಣೇ, ಒಳಗೆ ಹೋಗಿ ಬೆಚ್ಚಗೆ ಮಲಗು ಅಂದೆ. ಇಲ್ಲಾಂದ್ರೆ ನಮ್ಮೂರು ಗುರುಪುರಕ್ಕೆ ಬಂದುಬುಡು, ಇಲ್ಲಿ ನೆಲ ಅಲುಗಾಕಿಲ್ಲ ಅಂದೆ. ಅವಳ ಎದೆ ಗೊರಗೊರ ಅನ್ನೋದು ಫೋನಲ್ಲೇ ಕೇಳುತ್ತಿತ್ತು.

"ಇವತ್ತೂ ಬಿತ್ತು ಕಣಕ್ಕ," ಅಂದಳು. "ಅವ್ವನ ಒನಕೆ ಸುಳ್ಳು ಹೇಳ್ತದಾ? ಅದು ನಿಲ್ಲಲಿ, ಬತ್ತೀನಿ."

ಅದೇ ಕೊನೆ ಮಾತು. ನಾನು ಬಸ್ಸಿಳಿದು ಹೋಗೋ ಹೊತ್ತಿಗೆ ಅವಳನ್ನ ಒಳಕ್ಕೆ ತಂದಿದ್ದರು. ನಡುಮನೆಯಲ್ಲಿ ದೀಪದ ಮುಂದೆ ಮಲಗಿದ್ದಳು. ಮನೆ ಗಟ್ಟಿಯಾಗೇ ಇತ್ತು.

ಸುಟ್ಟು ಬಂದ ಮೇಲೆ ಅಂಗಳದಲ್ಲಿ ಬಿದ್ದಿದ್ದ ಒನಕೆ ಎತ್ತಿ ನೋಡಿದೆ. ತುದಿಗೆ ಇರಬೇಕಾದ ಕಬ್ಬಿಣದ ಬಳೆ ಎಂದೋ ಕಳಚಿಹೋಗಿತ್ತು. ಮರ ಸವೆದು ಕೋಳಿಮೊಟ್ಟೆ ಥರ ಗುಂಡಗಾಗಿತ್ತು. ಭೂಮಿ ನೂರು ವರ್ಷ ಅಲುಗದೆ ಇದ್ದರೂ ಅದು ನಿಲ್ಲಾಕಿಲ್ಲ. ಅವಳ ಗಂಡನಿಗೆ ತೋರಿಸಲಿಲ್ಲ. ತೋರಿಸಿ ಏನಾಗಬೇಕಿತ್ತು. ಊರಿಗೆ ಒಯ್ತೀನಿ ಅಂದೆ, ತಲೆ ಆಡಿಸಿದ. ಅವಳ ಹಳೇ ಸೀರೆ ಸುತ್ತಿ ಬಸ್ಸಿಗೆ ಹಾಕಿಕೊಂಡು ಬಂದೆ. ಏನಜ್ಜಿ, ಒನಕೆಗೆ ಸೀರೆ ಉಡಿಸ್ಕೊಂಡು ಮದುವೆಗೆ ಹೊರಟ್ರಾ ಅಂತ ಕಂಡಕ್ಟರು ತಮಾಷೆ ಮಾಡಿದ. ಟಿಕೆಟ್ ಕೊಡಪ್ಪ ಅಂದೆ.

ಮಾರನೇ ಬೆಳಿಗ್ಗೆ ಕಾಫಿ ಕುಡಿದು ಹುಣಸೂರಿನ ಕುಲುಮೆಗೆ ಹೋದೆ. ಎಲ್ಲರ ಮನೇಲೂ ಮಿಕ್ಸಿ ಅದೆ, ಈ ಒನಕೆಗೆ ಬಳೆ ಯಾಕಜ್ಜಿ ಅಂತ ಕುಲುಮೆಯವನು ಕೇಳಿದ. ತಳ ಸಮ ಮಾಡಿ ಹಾಕು, ನೆಟ್ಟಗೆ ನಿಲ್ಲಬೇಕು ಅಂದೆ. ಅವನು ಕಬ್ಬಿಣ ಕಾಯಲು ಇಟ್ಟ. ನಾನು ಪಕ್ಕದಲ್ಲಿ ಕೂತೆ.