ಸೇವೆಗೆ ಬಂದವರ ಉಪಚಾರ

ನಮ್ಮ ಸಂಸ್ಥೆಗೆ ಪೂರ್ಣಾವಧಿ ಸ್ವಯಂಸೇವಕರು ಬರುತ್ತಾರೆಂದರೆ ಮೊದಲು ಆಗುವ ಕೆಲಸ, ಮಹಡಿಯ ಕೋಣೆಯ ಗಾದಿಯನ್ನು ಬಿಸಿಲಿಗೆ ಹಾಕುವುದು. ಆಮೇಲೆ ಗೀಸರ್ ರಿಪೇರಿ, ಕಿಟಕಿಗೆ ಸೊಳ್ಳೆಪರದೆ, ಹೊಸ ಬಕೆಟ್ಟು. ಹುಬ್ಬಳ್ಳಿ ಸ್ಟೇಷನ್ನಿನಿಂದ ಅವರನ್ನು ಕರೆತರಲು ಒಬ್ಬರು, ಅವರ ಬ್ಯಾಗು ಹೊರಲು ಇನ್ನೊಬ್ಬರು ಹೋಗುತ್ತೇವೆ. ನಮ್ಮ ಭಾರ ಇಳಿಸಲೆಂದೇ ಬರುವವರು ಅವರು. ಆ ಭಾರ ಯಾವುದು ಎಂದು ತೋರಿಸುವಷ್ಟರಲ್ಲಿ ವರ್ಷ ಮುಗಿದು, ಬೀಳ್ಕೊಡುಗೆ ಸಮಾರಂಭಕ್ಕೆ ಹಣ್ಣಿನ ಬುಟ್ಟಿ ತರಬೇಕಾಗುತ್ತದೆ.

ಸಂಸ್ಥೆ ಎಂದರೆ ದೊಡ್ಡದೇನಲ್ಲ. ನವನಗರದಲ್ಲೊಂದು ಬಾಡಿಗೆ ಮನೆ. ಹುಟ್ಟಿನಿಂದಲೇ ಕೈಕಾಲು ಬಿಗಿದುಕೊಂಡ ಮಕ್ಕಳಿಗೆ ಕೆಳಗಿನ ಹಾಲ್‌ನಲ್ಲಿ ವ್ಯಾಯಾಮ ಮಾಡಿಸುತ್ತೇವೆ, ಅದನ್ನೇ ತಾಯಂದಿರಿಗೆ ಕಲಿಸುತ್ತೇವೆ, ಬರಲಾಗದವರ ಊರಿಗೆ ನಾವೇ ಹೋಗುತ್ತೇವೆ. ನಡೆಸುವವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆನಾದ್ದರಿಂದ ಎಲ್ಲರಿಗೂ ಇಂದಿಗೂ ಅಕ್ಕೋರು. ಅಡುಗೆ, ಕಸ, ಬೀಗದ ಕೈ, ನನ್ನ ಸಿಟ್ಟು, ಎಲ್ಲವನ್ನೂ ಸಂಭಾಳಿಸುವವರು ನಮ್ಮ ಮಾವಶಿ.

ಸ್ವಯಂಸೇವಕರನ್ನು ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ವರ್ಷಕ್ಕೊಬ್ಬರಂತೆ ಕಳಿಸುತ್ತದೆ. ಮೊದಲ ವರ್ಷ ಬಂದ ಹುಡುಗ ನಮ್ಮ ಸಮಸ್ಯೆಗಳನ್ನೆಲ್ಲ ಬಣ್ಣಬಣ್ಣದ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಿದ. ಫ್ಯಾನ್ ಹಾಕಿದಾಗಲೆಲ್ಲ ಸಮಸ್ಯೆಗಳು ಉದುರುತ್ತಿದ್ದವು, ಮಾವಶಿ ಗುಡಿಸಿ ಹೊರಗೆ ಹಾಕುತ್ತಿದ್ದರು. ನಮ್ಮ ಸಮಸ್ಯೆಗಳು ಅಷ್ಟು ಸಲೀಸಾಗಿ ಬಗೆಹರಿದ ವರ್ಷ ಇನ್ನೊಂದಿಲ್ಲ. ಎರಡನೆಯವನು ತನ್ನನ್ನು ತಾನು ಕಂಡುಕೊಳ್ಳಲು ಬಂದಿದ್ದ. ವ್ಯಾಯಾಮದ ಹೊತ್ತಿಗೆ ಅವನನ್ನು ನಾವು ಹುಡುಕಿಕೊಂಡು ಹೋಗುತ್ತಿದ್ದೆವು. ಹೆಚ್ಚಾಗಿ ಉಣಕಲ್ ಕೆರೆಯ ದಂಡೆಯ ಮೇಲೆ ಸಿಗುತ್ತಿದ್ದ.

ಮೂರನೆಯವಳು ಮೈಸೂರಿನ ಹುಡುಗಿ. ಫಿಸಿಯೋಥೆರಪಿ ಓದಿ ಮುಗಿಸಿ ನೇರವಾಗಿ ನಮ್ಮಲ್ಲಿಗೆ ಬಂದಳು. ನಮಗೆ ಬೇಕಾದದ್ದೂ ಅದೇ. ಅಲ್ಲಿಯವರೆಗೆ ತಜ್ಞರೊಬ್ಬರು ತಿಂಗಳಿಗೊಮ್ಮೆ ಬಂದು ಹೇಳಿಕೊಟ್ಟದ್ದನ್ನು ಉಳಿದ ದಿನ ನಾವೇ ಹೇಗೋ ನಿಭಾಯಿಸುತ್ತಿದ್ದೆವು. ಬೇಕಾದ ವಸ್ತು ಕೊನೆಗೂ ಕೈಗೆ ಬಂದಾಗ ನಮ್ಮ ಜನ ಅದನ್ನು ಬಳಸುವುದಿಲ್ಲ, ಷೋಕೇಸಿನಲ್ಲಿ ಇಡುತ್ತಾರೆ. ನಾವೂ ಹಾಗೇ ಮಾಡಿದೆವು.

ಮೊದಲ ದಿನ ಅವಳು ಹಾಲ್‌ನಲ್ಲಿ ಚಾಪೆ ಹಾಸಲು ಹೋದಳು. ಮಾವಶಿ ಕೈಯಿಂದ ಕಸಿದುಕೊಂಡರು.

“ಇಡ್ರಿ ಮೇಡಮ್ರ. ಹೊರಗಿಂದ ಬಂದವರ ಕಡಿಂದ ಚಾಪಿ ಹಾಸಿಸಿದ್ರ ಮಂದಿ ಏನಂದಾರು?”

“ನಾನು ಕೆಲಸ ಮಾಡೋಕೇ ಬಂದಿರೋದು.”

“ಮಾಡೀರಂತ, ಯಾರು ಬ್ಯಾಡ ಅಂತಾರ? ಮೊದಲ ಉಪ್ಪಿಟ್ಟು ತಿನ್ರಿ.”

ಉಪ್ಪಿಟ್ಟಿನ ಹಿಂದೆ ಚಹಾ ಬಂತು. ಚಹಾದ ಹಿಂದೆ, ಪಾಪ ಅವ್ವ ಅಪ್ಪನನ್ನು ಬಿಟ್ಟು ಬಂದ ಹುಡುಗಿ ಎಂದು ಯಾರೋ ತಾಯಿ ಡಬ್ಬಿಯಲ್ಲಿ ತಂದಿದ್ದ ಶೇಂಗಾ ಹೋಳಿಗೆ ಬಂತು. ಅವಳು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಮಕ್ಕಳೆಲ್ಲ ವ್ಯಾಯಾಮ ಮುಗಿಸಿ ಮನೆಗೆ ಹೋಗಿದ್ದರು.

ನಮ್ಮ ಅಧ್ಯಕ್ಷರು ಧಾರವಾಡದ ಮಾಳಮಡ್ಡಿಯಲ್ಲಿರುವ ನಿವೃತ್ತ ಪ್ರಾಧ್ಯಾಪಕರು. ಅವರಿಗೆ ಯಾರಿಗಾದರೂ ಶಾಲು ಹೊದಿಸದಿದ್ದರೆ ಉಂಡದ್ದು ಅರಗುವುದಿಲ್ಲ. ಎರಡನೇ ವಾರವೇ ಸಭೆ ಕರೆದು ಅವಳಿಗೊಂದು ಹೊದಿಸಿದರು, ಇನ್ನೂ ಮಾಡದ ಸೇವೆಯನ್ನು ಮುಕ್ಕಾಲು ಗಂಟೆ ಕೊಂಡಾಡಿದರು. ಕಡು ಬೇಸಿಗೆ. ಯುವಜನರು ಸಮಾಜಕ್ಕಾಗಿ ಬೆವರು ಸುರಿಸಬೇಕು ಎಂದು ಅವರು ಹೇಳುತ್ತಿದ್ದಾಗ ಹುಡುಗಿ ಶಾಲಿನೊಳಗೆ ಕೂತು ಧಾರಾಳವಾಗಿ ಸುರಿಸುತ್ತಿದ್ದಳು. ಆ ದಿನ ಅವಳಿಗೆ ಸಿಕ್ಕ ಕೆಲಸ ಅದೊಂದೇ.

ಕೊನೆಗೆ ಅವಳೇ ನನ್ನ ಮುಂದೆ ಬಂದು ನಿಂತು, ಹಳ್ಳಿಗಳ ಮನೆಭೇಟಿ ತನಗೆ ಕೊಡಿ ಎಂದಳು. ದನಿಯಲ್ಲಿ ಸಿಟ್ಟಿತ್ತು. ನನಗೆ ಸಿಟ್ಟಿನ ಮಕ್ಕಳೆಂದರೆ ಇಷ್ಟ, ಕೊಟ್ಟುಬಿಟ್ಟೆ. ಹೀಗೆ ಪ್ರತಿ ಗುರುವಾರ ಸುಳ್ಳ ಎಂಬ ಹಳ್ಳಿಯ ಬಸ್ಸು ಹತ್ತತೊಡಗಿದಳು. ಕೆಲವೊಮ್ಮೆ ನಾನೂ ಜೊತೆಗೆ ಹೋಗುತ್ತಿದ್ದೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಚಹಾ ಬೇಡ ಎನ್ನುವುದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಒಮ್ಮೆ ಬೇಡ ಎಂದರೆ ಸಂಕೋಚ ಎಂದು ತಿಳಿಯುತ್ತಾರೆ. ಇನ್ನೊಮ್ಮೆ ಬೇಡ ಎಂದರೆ ಸಕ್ಕರೆ ಕಾಯಿಲೆ ಇರಬೇಕೆಂದು ಸಕ್ಕರೆಯಿಲ್ಲದ ಚಹಾ ತರುತ್ತಾರೆ. ಆಮೇಲೂ ಬೇಡ ಎಂದರೆ ಮುಖ ಬಾಡುತ್ತದೆ. ನಮ್ಮ ಮನೆಯದು ಇವರಿಗೆ ಸೇರುವುದಿಲ್ಲ ಎಂಬ ಲೆಕ್ಕ ಶುರುವಾಗುತ್ತದೆ. ಆ ಲೆಕ್ಕ ಎಲ್ಲಿಂದ ಬಂತು ಎಂಬುದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಹಾಗಾಗಿ ಎಲ್ಲ ಮನೆಗಳಲ್ಲೂ ಕುಡಿಯಬೇಕು, ತಿನ್ನಬೇಕು. ಸುತ್ತು ಮುಗಿಯುವ ಹೊತ್ತಿಗೆ ವ್ಯಾಯಾಮ ಬೇಕಾಗಿದ್ದದ್ದು ಹುಡುಗಿಗೆ.

ಸುತ್ತಿನ ಕೊನೆಯ ಮನೆಯಲ್ಲಿ ಮೂರು ವರ್ಷದ ಹೆಣ್ಣುಮಗುವಿತ್ತು. ಅಪ್ಪ ಹುಬ್ಬಳ್ಳಿಯಲ್ಲಿ ಸರಕಾರಿ ಗುಮಾಸ್ತ. ತಾಯಿ ಪಿಯುಸಿ ಓದಿದವಳು, ಮನೆಯನ್ನು ಕನ್ನಡಿಯಂತೆ ಇಟ್ಟವಳು. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗೆ ಮಗುವಿನ ಚಾಪೆ. ಮಗುವಿನ ಎರಡೂ ಕಾಲು ಕತ್ತರಿಯಂತೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತಿದ್ದವು. ದಿನವೂ ಬೆಳಿಗ್ಗೆ ಸಂಜೆ ಅವನ್ನು ಮೆಲ್ಲಗೆ ಬಿಡಿಸಿ, ಎಳೆದು ಹಿಡಿಯಬೇಕು. ಬಿಟ್ಟರೆ ಬಿಗಿತ ಹಾಗೇ ಗಟ್ಟಿಯಾಗಿ, ಮಗುವಿಗೆ ನೆಟ್ಟಗೆ ಕೂರುವುದೂ ಆಗುವುದಿಲ್ಲ. ನಾವು ಹೋಗುವುದು ವಾರಕ್ಕೊಮ್ಮೆ, ವಾರಕ್ಕೊಮ್ಮೆ ಮಾಡಿದರೆ ಏನೂ ಪ್ರಯೋಜನವಿಲ್ಲ. ತಾಯಿಯ ಕೈಗೆ ಅದು ಬರಬೇಕು.

ತಾಯಿಯ ಕೈಗೆ ಬರುತ್ತಿದ್ದದ್ದು ಪಡ್ಡು ಮತ್ತು ಹುರಿಗಡಲೆಯ ಪುಟಾಣಿ ಚಟ್ನಿ. ನಾವು ಹೊಸ್ತಿಲು ದಾಟಿದ ಕೂಡಲೇ “ಕುಂಡ್ರಿ ಮೇಡಮ್ರ, ಬಂದೆ” ಎಂದು ಒಳಗೆ ಹೋದರೆ ಮುಗಿಯಿತು. ಇತ್ತ ಚಾಪೆಯ ಮೇಲೆ ಮಗು ಚೀರುತ್ತಿದ್ದರೆ ಅತ್ತ ಅಡುಗೆಮನೆಯಲ್ಲಿ ಮಿಕ್ಸರ್ ಗರ್ರ್ ಎನ್ನುತ್ತಿತ್ತು. ವ್ಯಾಯಾಮ ಮುಗಿಯುವುದಕ್ಕೂ ತಟ್ಟೆ ಹೊರಗೆ ಬರುವುದಕ್ಕೂ ಸರಿಹೋಗುತ್ತಿತ್ತು. ದಿನಾ ಮಾಡಿಸ್ತೀರಾ ಎಂದು ಹುಡುಗಿ ಕೇಳಿದರೆ, “ಮಾಡಸ್ತೇವ್ರಿ. ಚಟ್ನಿ ಇನ್ನೊಂದೀಟು ಹಾಕ್ಲೇನ್ರಿ?” ಮಗುವಿನ ಕಾಲುಗಳು ಮಾತ್ರ ಬೇರೆಯೇ ಹೇಳುತ್ತಿದ್ದವು.

ಅವಳ ಅವಧಿ ಮುಗಿಯಲು ಎರಡು ತಿಂಗಳು ಉಳಿದಿದ್ದವು. ಒಂದು ಶುಕ್ರವಾರ ಮಗುವಿನ ಅಪ್ಪನ ಫೋನು ಬಂತು. ತುಂಬ ಮೆದುವಾಗಿ ಮಾತಾಡುವ ಮನುಷ್ಯ, ಅವತ್ತು ಇನ್ನೂ ಮೆದುವಾಗಿದ್ದರು.

“ಅಕ್ಕೋರ, ನಿನ್ನೆ ಮೇಡಮ್ಮಾರು ನಮ್ಮನ್ಯಾಗ ನೀರೂ ಮುಟ್ಟಲಿಲ್ಲಂತ. ಏನ ತಪ್ಪಾತು ಅಂತ ಕೇಳೂಣು ಅಂತ ಮಾಡಿದೆ.”

ನನಗೆ ನಖಶಿಖಾಂತ ಉರಿಯಿತು. ಆ ಮನೆಯಲ್ಲಿ ನೀರು ಮುಟ್ಟದಿರುವುದಕ್ಕೆ ಎಷ್ಟು ತೂಕವಿದೆ ಎಂಬುದು ಈ ಹುಡುಗಿಗೆ ತಿಳಿಯಬೇಡವೇ? ಕರೆದು ನಿಲ್ಲಿಸಿಕೊಂಡು, ಹೈಸ್ಕೂಲಿನಲ್ಲಿ ಕಲಿತ ವಿದ್ಯೆಯನ್ನೆಲ್ಲ ಅವಳ ಮೇಲೆ ಪ್ರಯೋಗಿಸಿದೆ. ನನ್ನ ಮಾತು ಮುಗಿದ ಮೇಲೆ ಅವಳು ಹೇಳಿದಳು:

“ನಾನು ಅವರ ಮನೇಲಿ ತಿಂತಾ ಇರೋ ತನಕ ಆ ಅಮ್ಮ ಅಡುಗೆಮನೆಯಲ್ಲೇ ಇರ್ತಾರೆ ಮೇಡಂ. ಒಂದು ಸಲಾನೂ ಮಗು ಕಾಲು ಮುಟ್ಟಿಲ್ಲ. ತಿನ್ನದೇ ಇದ್ರೆ ಹೊರಗೆ ಬರ್ತಾರೇನೋ ಅಂದ್ಕೊಂಡೆ. ನಾನು ಹೋದ ಮೇಲೆ ಆ ಮಗು ಕಾಲು ಯಾರು ಹಿಡೀತಾರೆ, ಹೇಳಿ?”

ನಾನು ಆ ಚಟ್ನಿಯನ್ನು ಹೊಗಳಿ ಹೊಗಳಿ ತಿಂದವಳು, ಮೇಲೆ ರೆಸಿಪಿ ಬೇರೆ ಕೇಳಿಕೊಂಡು ಬಂದಿದ್ದೆ. ಇಬ್ಬರೂ ಮರುದಿನವೇ ಸುಳ್ಳಕ್ಕೆ ಹೊರಟೆವು.

ತಾಯಿ ಬಾಗಿಲಲ್ಲಿ ನಕ್ಕಳು, ಆದರೆ ಚಹಾದ ಮಾತೆತ್ತಲಿಲ್ಲ. ಹುಡುಗಿಯೇ ಕೇಳಿದಳು. ಕುಡಿದು, ಇನ್ನೊಂದು ಕಪ್ ಬೇಕು ಎಂದಳು. ಅದನ್ನೂ ಕುಡಿದು ಕಪ್ ಕೆಳಗಿಟ್ಟು, “ನನ್ನಿಂದ ನಿಮಗೆ ನೋವಾಯ್ತು. ನನಗೆ ನಿಮ್ಮ ಮನೆ ಚಹಾ ಬೇಡ ಅಂತಲ್ಲ, ನೀವು ಬೇಕಾಗಿತ್ತು” ಎಂದಳು. ಅಧ್ಯಕ್ಷರ ಮುಕ್ಕಾಲು ಗಂಟೆಯಲ್ಲಿ ಇಂಥದೊಂದು ವಾಕ್ಯ ಇರಲಿಲ್ಲ.

ತಾಯಿ ಸೆರಗಿನ ಅಂಚು ತಿರುವಿದಳು.

“ಆಕಿ ಅಳೂದು ನನಗ ತಾಳಾಕ ಆಗೂದಿಲ್ರಿ, ಅಕ್ಕೋರ,” ಎಂದಳು, ಹುಡುಗಿಗಲ್ಲ, ನನಗೆ. “ಅದಕ್ಕಽ ಒಳಗ ಹೋಗ್ತೇನಿ. ಮಿಕ್ಸರ್ ಹಚ್ಚಿದ್ರ ಕೇಳಸೂದಿಲ್ಲ. ಚಟ್ನಿ ಬೇಕಾಗಿರಲಿ ಬಿಡಲಿ, ಹಚ್ಚತೇನಿ.”

ಎಷ್ಟು ಗುರುವಾರ ಆ ಸದ್ದು ಕೇಳಿದ್ದೇನೆ, ಆಹಾ ಏನು ಆದರಾತಿಥ್ಯ ಎಂದುಕೊಂಡಿದ್ದೇನೆ.

ಹುಡುಗಿ ಉಪದೇಶ ಮಾಡಲಿಲ್ಲ. ತಾಯಿಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ಅವಳ ಎರಡೂ ಕೈ ಹಿಡಿದು ಮಗುವಿನ ತೊಡೆಯ ಮೇಲಿಟ್ಟಳು, ಮೇಲೆ ತನ್ನ ಕೈ ಇಟ್ಟಳು. ಮಗು ಕಿರುಚಿತು. ತಾಯಿ ಕೈ ಎಳೆದುಕೊಂಡು ಎದ್ದು ಹಿತ್ತಲಿಗೆ ಹೋಗಿಬಿಟ್ಟಳು. ಹುಡುಗಿ ಕಾಯುತ್ತ ಕೂತಳು. ಬಹಳ ಹೊತ್ತಿನ ಮೇಲೆ ತಾಯಿ ಮುಖ ತೊಳೆದುಕೊಂಡು ವಾಪಸು ಬಂದಳು. ಅವತ್ತಿಗೆ ಆದದ್ದು ಅಷ್ಟೇ.

ಆಮೇಲೆ ಹುಡುಗಿ ಗುರುವಾರಕ್ಕೆ ಕಾಯಲಿಲ್ಲ. ದಿನ ಬಿಟ್ಟು ದಿನ ಸುಳ್ಳದ ಬಸ್ಸು. ಬೆಂಗಳೂರಿನಿಂದ ಫೋನ್ ಮೇಲೆ ಫೋನ್ ಬಂತು. ಸ್ವಯಂಸೇವಕರೆಲ್ಲ ಕಂಪ್ಯೂಟರ್ ಮುಂದೆ ಕೂತು ತಾವು ಕಲಿತದ್ದನ್ನು ಹಂಚಿಕೊಳ್ಳುವ ಸಭೆಗೆ ನಿಮ್ಮವರು ಬರುತ್ತಿಲ್ಲವಲ್ಲ, ಏನಾದರೂ ಬೇಸರವೇ ಎಂದು ವಿಚಾರಿಸಿದರು. ಆಕೆ ಕೆಲಸಕ್ಕೆ ಹೋಗಿದ್ದಾಳೆ ಎಂದೆ. ಆ ಕಡೆಯವರು, ಅದು ಒಳ್ಳೆಯದೇ, ಆದರೆ ಹಂಚಿಕೊಳ್ಳದಿದ್ದರೆ ಹೇಗೆ ಎಂದರು. ಹುಡುಗಿಗೆ ಹಂಚಿಕೊಳ್ಳುವಷ್ಟು ಪುರುಸೊತ್ತು ಸಿಕ್ಕ ಕೂಡಲೇ ತಿಳಿಸುತ್ತೇನೆ ಎಂದು ಇಟ್ಟುಬಿಟ್ಟೆ.

ಅವಳು ವಾಪಸು ಬಂದಾಗಲೆಲ್ಲ ನಾನು ಕೇಳುತ್ತಿದ್ದೆ, ಹೇಗಾಯ್ತು ಎಂದು. ಒಂದು ದಿನ ತಾಯಿ ಕಣ್ಣು ಮುಚ್ಚಿಕೊಂಡು ಮಾಡಿದಳಂತೆ. ಒಂದು ದಿನ ಮುಟ್ಟಲೇ ಇಲ್ಲವಂತೆ, ನೆಂಟರು ಬಂದಿದ್ದರಂತೆ. ಒಂದು ದಿನ ಹುಡುಗಿ ಊಟ ಬಿಟ್ಟು ಮಲಗಿದಳು. ಮಾವಶಿ ತಾಟು ಹಿಡಿದುಕೊಂಡು ಮಹಡಿ ಹತ್ತಿದರು, ಹಾಗೇ ಇಳಿದು ಬಂದರು. ನನಗೆ ಈ ಹುಡುಗಿ ಸೋತು ಊರಿಗೆ ಹೋಗುತ್ತಾಳೆಂಬ ಭಯ ಹಿಡಿಯಿತು. ಅದಕ್ಕಿಂತ ಹೆಚ್ಚಾಗಿ, ಅವಳು ಹೋದ ಮೇಲೆ ಆ ಚಾಪೆಯ ಮೇಲೆ ಮಗು ಒಂದೇ ಉಳಿಯುತ್ತದಲ್ಲ ಎಂಬ ಭಯ.

ಕೊನೆಯ ಗುರುವಾರ ನಾನೂ ಅವಳ ಜೊತೆ ಹೋದೆ. ಅಧ್ಯಕ್ಷರು ಇನ್ನೊಂದು ಶಾಲು ಆರಿಸುವುದರಲ್ಲಿ ಮಗ್ನರಾಗಿದ್ದರು, ತೊಂದರೆ ಕೊಡಲಿಲ್ಲ. ಬಾಗಿಲು ತೆರೆದೇ ಇತ್ತು. ಮಗುವಿನ ಅಳು ಓಣಿಯವರೆಗೂ ಕೇಳಿಸುತ್ತಿತ್ತು. ಯಾರೂ “ಬರ್ರಿ” ಎನ್ನಲಿಲ್ಲ. ಒಳಗೆ ಹೋಗಿ ನೋಡಿದರೆ ತಾಯಿ ಚಾಪೆಯ ಮೇಲೆ ಕೂತಿದ್ದಾಳೆ. ಮಗುವಿನ ಎರಡು ಮೊಣಕಾಲುಗಳ ನಡುವೆ ಅವಳ ಮುಂಗೈ ಅಗಲಕ್ಕೆ ಜಾಗವಿದೆ. ಹಣೆಯ ಮೇಲೆ ಬೆವರು, ಕಣ್ಣಲ್ಲಿ ನೀರು. ಆದರೆ ಹಿಡಿತ ಬಿಟ್ಟಿಲ್ಲ. ಆ ಮಗು ಮುಂದೆ ನಡೆಯುತ್ತದೋ ಇಲ್ಲವೋ ಯಾರೂ ಹೇಳಲಾರರು. ಗೋಡೆಗೆ ಒರಗಿ ಕೂರುವುದನ್ನಂತೂ ಅದು ಅಷ್ಟರಲ್ಲಿ ಕಲಿತಿತ್ತು.

ತಾಯಿ ತಲೆ ಎತ್ತಿ ಹುಡುಗಿಯ ಕಡೆ ನೋಡಿದಳು.

“ಬಂದ್ಯಾ, ತಂಗೀ? ನಾ ಈಗ ಬಿಟ್ಟರ ಮತ್ತ ಬಿಗಿತಾವು ಇಕಿ ಕಾಲು. ನೀನಽ ಒಳಗ ಹೋಗಿ ಚಾ ಇಡು. ನನಗೂ ಒಂದು ಕಪ್ಪು.”

ಹುಡುಗಿ ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಎದ್ದು ಹೋಗಿ ನೋಡಿದೆ. ಒಲೆ ಉರಿಯುತ್ತಿತ್ತು, ನೀರು ಕುದಿಯುತ್ತಿತ್ತು, ಅವಳು ಅದರ ಮುಂದೆ ನಿಂತು ದುಪಟ್ಟಾದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಮೂಗು ಎಳೆದುಕೊಂಡು ಕೇಳಿದಳು: “ಮೇಡಂ, ಸಕ್ಕರೆ ಎಲ್ಲಿದೆ?”

ಗೂಡಿನಲ್ಲಿ ಒಂದೇ ಥರದ ಸ್ಟೀಲ್ ಡಬ್ಬಿಗಳು ಸಾಲಾಗಿದ್ದವು. ಈ ಮನೆಯ ಸಕ್ಕರೆ ನನ್ನ ಹೊಟ್ಟೆಗೆ ಎಷ್ಟು ಹೋಗಿದೆಯೋ ಲೆಕ್ಕವಿಲ್ಲ, ಆದರೆ ಅಡುಗೆಮನೆಯೊಳಗೆ ನಾನು ಕಾಲಿಟ್ಟದ್ದು ಅಂದೇ ಮೊದಲು. ಅಲ್ಲಿಂದಲೇ ಕೂಗಿ ತಾಯಿಯನ್ನು ಕೇಳಿದೆ.

“ಅಲ್ಲೇ ಎಲ್ಲ್ಯಾರ ಇರ್ತೈತಿ, ಹುಡುಕ್ರಿ ಅಕ್ಕೋರ,” ಎಂದಳು ಅವಳು, ಮಗುವಿನ ಅಳುವಿಗಿಂತ ದನಿ ಏರಿಸಿ. “ನನ್ನ ಕೈ ಖಾಲಿ ಇಲ್ಲ.”