ಗೇಟಿನ ಹೊರಗಿನ ಚಹಾ

ಇಳಕಲ್ ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು, ನೆತ್ತಿಯ ಮೇಲೆ ಕನ್ನಡಕ, ಹೆಗಲಿಗೆ ಸುತ್ತಿಕೊಂಡ ಹಗ್ಗ. ಪುಣೆ ಕ್ಯಾಂಪಿನ ಹಿಂದಿನ ಓಣಿಗೆ ನಮ್ಮ ಮಾಲೀಕರು ದಿನಾ ಬೆಳಿಗ್ಗೆ ಬರುತ್ತಿದ್ದುದು ಹೀಗೆ. ಮನೆ ಸಾಮಾನು ಸಾಗಿಸುವ ಸಣ್ಣ ಕಂಪನಿ ಅವರದು. ಎರಡು ಟ್ರಕ್ಕು, ಒಂದು ಗೋದಾಮು, ಹತ್ತಾರು ಹಮಾಲರು. ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದೆವು.

ತೊಂಬತ್ತರ ದಶಕದ ನಡುವಿನಲ್ಲಿ, ಸೈನ್ಯದ ಉಗ್ರಾಣದ ನೌಕರಿ ಮುಗಿಸಿ, ನಾನು ಅಲ್ಲಿ ಮೇಲ್ವಿಚಾರಕನಾಗಿ ಸೇರಿದೆ. ಮೊದಲ ವಾರವೇ ಹಗ್ಗಗಳನ್ನು ಉದ್ದದ ಪ್ರಕಾರ ಗೂಟಕ್ಕೆ ತೂಗುಹಾಕಿಸಿದೆ, ಚಹಾಕ್ಕೆ ವೇಳೆ ಗೊತ್ತುಮಾಡಿದೆ. ಅಕ್ಕಾರು ನೋಡಿ ಗೋದಾಮು ತುಂಬುವಂತೆ ನಕ್ಕರು.

"ಗಡಿಯಾರದ ಸಾಹೇಬ್ರ, ನಾಳೆ ನನ್ನೂ ಗೂಟಕ್ಕ ತೂಗ ಹಾಕ್ತೀರೇನ್ರಿ?"

ಅಂದಿನಿಂದ ಹಮಾಲರ ಬಾಯಲ್ಲೂ ನಾನು ಗಡಿಯಾರದ ಸಾಹೇಬನೇ.

ಒಮ್ಮೆ ಆಳುಗಳನ್ನು ಒದಗಿಸುವ ದಲ್ಲಾಳಿಯೊಬ್ಬ ಬಂದ. "ಗಟ್ಟಿ ಮಂದಿ ಕೊಡ್ತೇನ್ರಿ ಅಕ್ಕಾರ. ಅವರ ರೇಷನ್ ಕಾರ್ಡ್ ನಿಮ್ಮ ಪೆಟ್ಟಿಗ್ಯಾಗ ಇಟ್ಕೊಂಡುಬಿಡ್ರಿ. ಎಲ್ಲೂ ಓಡಿ ಹೋಗಂಗಿಲ್ಲ."

"ಓಡ್ಲಿಕ್ಕೆ ಬರಲಾರದವ್ರು ಸೋಫಾ ಹೊತ್ಕೊಂಡು ಮೂರು ಮಾಳಿಗಿ ಹ್ಯಾಂಗ ಏರ್ತಾರಪಾ? ನನಗ ಓಡೋ ಮಂದೀನೇ ಬೇಕು!" ಎಂದು ಅವನನ್ನು ನಗುನಗುತ್ತಲೇ ಸಾಗಹಾಕಿದರು.

ಅವರದೊಂದು ರೂಢಿ ನನ್ನ ವೇಳಾಪಟ್ಟಿಗೆ ಶತ್ರು. ಟ್ರಕ್ಕಾಗಲಿ, ಗೋಣಿಯಾಗಲಿ, ಪೆಟ್ಟಿಗೆಯಾಗಲಿ, ಹೊಸಬರಿಂದ ಏನೇ ತರಿಸುವ ಮೊದಲು ಅವರ ಜಾಗಕ್ಕೆ ತಾವೇ ಹೋಗುವರು. ಮಾತು ಮುಗಿದ ಮೇಲೆ, "ಚಹಾ ಹೊರಗ ಕುಡಿಯೋಣ ಬರ್ರಿ. ನಿಮ್ಮ ಮಂದೀನೂ ಕರೀರಿ, ಖರ್ಚು ನಂದು" ಎನ್ನುವರು. ಗೇಟಿನಾಚೆ ಚಹಾದ ಗಾಡಿಯ ಸುತ್ತ ಎಲ್ಲರೂ ಸೇರಬೇಕು. ಯಾವ ಊರು, ಹಬ್ಬಕ್ಕೆ ಯಾರು ಯಾರು ಹೋಗಿಬಂದರು, ಎಲ್ಲ ವಿಚಾರಣೆ ಆಗಬೇಕು.

"ಇದರಾಗ ಅರ್ಧ ದಿನ ಹಾಳಾಗ್ತದ್ರಿ" ಎಂದು ನಾನು ಗೊಣಗಿದ್ದೆ.

"ಆಳು ತಾನಾಗೇ ಗೇಟು ದಾಟಿ ಬರ್ತಾನೋ ಇಲ್ಲೋ ನೋಡಬೇಕ್ರಿ. ಚಹಾ ಒಂದು ನೆವ."

ಆ ನೆವದ ಅರ್ಥ ನನಗೆ ತಿಳಿದದ್ದು ಪುಣೆಯಾಚೆಯ ಕುರಕುಂಭದ ಕಡೆ. ಕ್ಯಾಂಪಿನ ದೊಡ್ಡ ಕಚೇರಿಯೊಂದು ಹೊಸ ಕಟ್ಟಡಕ್ಕೆ ಹೋಗುವುದಿತ್ತು. ಅಂಥ ಕೆಲಸ ನಮಗೆ ಸಿಕ್ಕದ್ದು ಅದೇ ಮೊದಲು. ಮರದ ಪೆಟ್ಟಿಗೆ ಬೇಕಾಗಿದ್ದವು. ಅಲ್ಲಿ ಒಬ್ಬನ ಅಂಗಳದಲ್ಲಿ ಹಳೆಯ ಹಲಗೆ ಬಿಚ್ಚಿ ಹೊಸ ಪೆಟ್ಟಿಗೆ ಮಾಡುತ್ತಿದ್ದರು. ನಾನು ಅಳತೆಪಟ್ಟಿ ಹಿಡಿದು ನೋಡಿದೆ. ಮೂಲೆ ನೇರ, ಮೊಳೆ ಒಂದೂ ಸೊಟ್ಟಗಿಲ್ಲ. ಖುಷಿಯಾಯಿತು.

ಅಕ್ಕಾರು ಚಹಾದ ಮಾತೆತ್ತಿದರು. ಆ ಮಾಲೀಕ ಕೂಡಲೇ ಒಳಗೇ ಕಿಟಲಿ ತರಿಸಿದ. ಅಕ್ಕಾರು ಕಪ್ಪು ಮುಟ್ಟಲಿಲ್ಲ. ಎಲ್ಲರೂ ಹೊರಗೆ ಬರಲಿ ಎಂದರು. ಕೆಲಸ ಬಿಟ್ಟು ಬರಲಾಗದು ಎಂದು ಆತ ಮರಾಠಿಯಲ್ಲಿ ಸಿಡುಕಿದ. "ಹಂಗಾರ ಊಟದ ಹೊತ್ತಿನ ತನಕ ಕೂಡ್ತೇವಿ" ಎಂದು ಇವರು ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತರು.

ಊಟದ ಹೊತ್ತಾಯಿತು. ಒಬ್ಬರೂ ಹೊರಬರಲಿಲ್ಲ. ಆಗ ಕಂಡಿತು: ನಾವು ಹೊರಬಿದ್ದ ಮೇಲೆ ಗೇಟಿಗೆ ಹೊರಗಿನಿಂದ ಕೀಲಿ ಹಾಕಿತ್ತು.

ಮೊಳೆ ಕೀಳುತ್ತಿದ್ದ ಹೆಂಗಸೊಬ್ಬಳು ನಮ್ಮ ಕನ್ನಡ ಕೇಳಿ, ನೀರಿನ ಕೊಡ ಹಿಡಿದು ತಂತಿಬೇಲಿಯ ಹತ್ತಿರ ಬಂದಳು.

"ಯಾವೂರ್ರಿ ಅಕ್ಕಾ?"

"ಬಾಗಲಕೋಟಿ ಕಡೆಯಾಕಿ. ನೀ ಯಾವೂರವಾ?"

"ಯಾದಗಿರಿ ಕಡೆ. ಮಗಳು ಹಡದಾಳ್ರಿ. ಕೂಸಿನ ಮಾರಿ ಇನ್ನಾ ನೋಡಿಲ್ಲ. ಮುಂಗಡ ತೀರೋ ತನಕ ಬಿಡಂಗಿಲ್ಲ ಅಂತಾರ. ಕಾರ್ಡೂ ಅವರ ಕಡೇನೇ ಅದ."

"ಯಾವಾಗ ತೀರ್ತದ?"

"ಕೇಳಿದಷ್ಟೂ ಬೆಳೀತದ್ರಿ."

ಟ್ರಕ್ಕು ಹತ್ತಿದ ಮೇಲೆ ನಾನೆಂದೆ: "ಪೆಟ್ಟಿಗಿ ಬ್ಯಾರೆ ಕಡೆ ತರಸೋಣ್ರಿ."

"ಬ್ಯಾರೆ ಕಡೆ ತರಿಸಿದ್ರ ನಮ್ಮ ಕೈ ಸ್ವಚ್ಛ ಆಗ್ತದ. ಆ ಕೀಲಿ ತಗೀತದೇನ್ರಿ?" ಅವರು ನಗದೆ ಮಾತಾಡಿದ್ದನ್ನು ನಾನು ಆ ದಿನವೇ ಮೊದಲು ನೋಡಿದ್ದು.

ಟ್ರಕ್ಕು ನೆಟ್ಟಗೆ ತಾಲ್ಲೂಕು ಕಚೇರಿಗೆ ಹೋಯಿತು. ಅಧಿಕಾರಿ ನಾಳೆ ಬನ್ನಿ ಎಂದರು. ಅಕ್ಕಾರು ಅಲ್ಲೇ ಬುತ್ತಿ ಬಿಚ್ಚಿ, ಗುಮಾಸ್ತರಿಗೆಲ್ಲ ರೊಟ್ಟಿ, ಶೇಂಗಾ ಚಟ್ನಿ ಹಂಚಿ, "ನಾಳೆ ಬರೂದ್ಯಾಕ? ಇಲ್ಲೇ ಇರ್ತೇನಿ. ಹಾಸಿಗಿ ಟ್ರಕ್ಕಿನ್ಯಾಗ ಅದ" ಎಂದು ತಮ್ಮ ಹರಕು ಮರಾಠಿಯಲ್ಲಿ ಹೇಳಿದರು. ಅಧಿಕಾರಿಗೂ ನಗು ತಡೆಯಲಾಗಲಿಲ್ಲ. ದೂರು ಬರೆದುಕೊಂಡರು.

ಮರುದಿನ ಪೊಲೀಸರೊಂದಿಗೆ ಆ ಅಧಿಕಾರಿಯೇ ಬಂದು ಕೀಲಿ ತೆಗೆಸಿದರು. ಮುಂಗಡದ ಹೆಸರಿನಲ್ಲಿ ಮನುಷ್ಯರನ್ನು ಕಟ್ಟಿಹಾಕುವುದು ಅಪರಾಧ, ಅಂಥ ಸಾಲ ಕಾನೂನಿನಲ್ಲಿ ಸಾಲವೇ ಅಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಕಾರ್ಡುಗಳು ಅವರವರ ಕೈಗೆ ಬಂದವು. ಅವರಿಗೆ ಊರಿನ ಬಸ್ಸು ಹಿಡಿಸಲು ಅವಸರ ಮಾಡಿದ ನನಗೆ ಯಾದಗಿರಿಯ ಹೆಂಗಸು ಹೇಳಿದಳು: "ತಡೀರಿ ಯಪ್ಪಾ, ಮೊದಲ ಚಹಾ ಕುಡೀತೇನಿ." ರಸ್ತೆ ದಾಟಿ, ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಿಧಾನವಾಗಿ ಎರಡು ಗ್ಲಾಸು ಕುಡಿದಳು. ನಾನು ಗಡಿಯಾರ ನೋಡಲಿಲ್ಲ.

ಇತ್ತ ನಮಗೆ ಪೆಟ್ಟಿಗೆ ಇಲ್ಲ, ಕಚೇರಿ ಸಾಗಿಸುವ ದಿನ ಬಂದೇಬಿಟ್ಟಿತು. ಅಕ್ಕಾರು ಪುಣೆಯಲ್ಲಿದ್ದ ಪರಿಚಯದ ಕನ್ನಡದ ಮನೆಗಳಿಗೆಲ್ಲ ಹೇಳಿಕಳಿಸಿ ಕೌದಿ ತರಿಸಿದರು. ಹಳೆಯ ಸೀರೆಗಳ ಕೆಂಪು, ಹಸಿರು, ಹಳದಿ ತುಂಡು ಹೊಲಿದ ಕೌದಿಗಳಲ್ಲಿ ಮೇಜು, ಕಪಾಟು, ದೊಡ್ಡ ಸಾಹೇಬರ ಕುರ್ಚಿ ಎಲ್ಲ ಸುತ್ತಿಕೊಂಡು ಹೊರಟವು. ರಸ್ತೆಯ ಜನ ಮದುವೆಯ ದಿಬ್ಬಣ ನೋಡಿದಂತೆ ನಿಂತು ನೋಡಿದರು. ಒಂದು ಗೀರೂ ಬೀಳಲಿಲ್ಲ. ಮುಂದಿನ ಗಿರಾಕಿಗಳು ಕೌದಿಯನ್ನೇ ಕೇಳತೊಡಗಿದರು.

ಸುಗ್ಗಿ ಮುಗಿದ ಮೇಲೆ ಯಾದಗಿರಿಯ ಆ ಹೆಂಗಸು ತಾನಾಗಿಯೇ ಬಂದಳು, ಓರಗೆಯವರನ್ನೂ ಕರೆತಂದು. ಅಕ್ಕಾರು ಕೌದಿ ಹೊಲಿಯಲು ಗೋದಾಮಿನ ಪಕ್ಕ ಶೆಡ್ಡು ಹಾಕಿಸಿ, ಅದರ ಕೀಲಿಕೈ ಅವಳ ಕೈಗೇ ಕೊಟ್ಟರು. "ಬ್ಯಾಸರಾದಾಗ ಕೀಲಿ ಹಾಕ್ಕೊಂಡು ಊರಿಗೆ ಹೋಗವಾ. ಮೊಮ್ಮಗಳಿಗೆ ನನ್ನ ಹೆಸರು ಹೇಳು."

ಕೆಲವು ವರ್ಷಗಳ ನಂತರ ಅಕ್ಕಾರು ತೀರಿಕೊಂಡರು. ಆ ದಿನ ಅವರ ಮೇಲೆ ಹೊದಿಸಿದ್ದು ಶೆಡ್ಡಿನಿಂದ ಬಂದ ಹೊಚ್ಚ ಹೊಸ ಕೌದಿ.

ನಾನೀಗ ಮನೆಯಲ್ಲೇ ಇದ್ದೇನೆ. ನಮ್ಮ ಕಟ್ಟಡಕ್ಕೆ ಬಣ್ಣದವರೋ ಗಾರೆಯವರೋ ಬಂದರೆ, ಸರಿಯಾಗಿ ನಾಲ್ಕಕ್ಕೆ ಕೆಳಗಿಳಿದು, ಗೇಟಿನಾಚೆಯ ಚಹಾದಂಗಡಿಯಲ್ಲಿ ನಿಂತು ಎಲ್ಲರನ್ನೂ ಕೂಗುತ್ತೇನೆ. ಕೈ ಒರೆಸಿಕೊಳ್ಳುತ್ತ ಒಬ್ಬೊಬ್ಬರೇ ಬರುತ್ತಾರೆ. ಕೊನೆಯವನು ಗೇಟು ದಾಟುವ ತನಕ ನಾನು ಗ್ಲಾಸು ಎತ್ತುವುದಿಲ್ಲ.